ಹಾಲಮ್ಮನ ಬಿಳಿ ಬೂದಿ

ಹೋದ ವರ್ಷ ಕಾರ್ತಿಕದಲ್ಲಿ ಒಂದು ಮದುವೆಗೆಂದು ಹರಪನಹಳ್ಳಿಯಿಂದ ಕೂಡ್ಲಿಗಿಗೆ ಹೊರಟಿದ್ದೆ. ಬಸ್ಸು ಕೊಟ್ಟೂರಿನಲ್ಲಿ ನಿಂತಾಗ ಕಿಟಕಿಯಿಂದ ಹೊಗೆಯ ವಾಸನೆ ಬಂತು. ಕಟ್ಟಿಗೆಯ ಹೊಗೆಯಲ್ಲ, ಭತ್ತದ ಹೊಟ್ಟಿನ ಹೊಗೆ. ಅದು ಗಂಟಲಿಗೆ ಸ್ವಲ್ಪ ಒಗರು, ಅದರ ಬೆನ್ನಿಗೇ ಕಾದ ಮರಳಿನಲ್ಲಿ ಅಕ್ಕಿ ಅರಳುವ ಸಿಹಿ ವಾಸನೆ. ಅದೇ ಹೊತ್ತಿಗೆ ನಿಲ್ದಾಣದ ಗೇಟಿನೊಳಗೆ ಒಂದು ಬ್ಯಾಟರಿ ಆಟೋ ಸದ್ದಿಲ್ಲದೆ ಬಂದು ನಿಂತಿತು. ಹೊಟ್ಟಿನ ಹೊಗೆ, ಬ್ಯಾಟರಿ ಗಾಡಿ, ಎರಡೂ ಒಟ್ಟಿಗೆ! ನನಗೆ ಕೂತಲ್ಲಿ ಕೂರಲಾಗಲಿಲ್ಲ. “ಮೇಡಂ, ಕೂಡ್ಲಿಗಿ ಇನ್ನಾ ದೂರ ಐತ್ರಿ, ಎಲ್ಲಿಗೆ ಇಳಿಯಾಕ ಹತ್ತೀರಿ?” ಎಂದು ಕಂಡಕ್ಟರ್ ಕೂಗುತ್ತಲೇ ಇದ್ದ. ಮುಹೂರ್ತ ಹೋದರೆ ಹೋಗಲಿ, ಊಟಕ್ಕೆ ಮುಟ್ಟಿದರಾಯಿತು ಎಂದು ಇಳಿದೇ ಬಿಟ್ಟೆ.

ಎರಡು ಸಾವಿರದ ಎಂಟನೇ ಇಸವಿಯಲ್ಲಿ ನಾನು ಈ ಊರಿನ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ವಯಸ್ಸು ಇಪ್ಪತ್ತೆಂಟು, ಮೂಗಿನ ತುದಿಯಲ್ಲೇ ಸಿಟ್ಟು. ಪಾಠದ ಜೊತೆಗೆ ಪಿಎಚ್‌.ಡಿ.ಗೂ ಹೆಸರು ನೋಂದಾಯಿಸಿದ್ದೆ. ವಿಷಯ ಬ್ಯಾಟರಿ. ಆಗಷ್ಟೇ ಮೊಬೈಲು ಎಲ್ಲರ ಕೈಗೂ ಬಂದಿತ್ತು. ಸಂತೆಯಲ್ಲಿ ಈರುಳ್ಳಿ ಮಾರುವವರ ಸೊಂಟದಲ್ಲೂ ಒಂದೊಂದು ಇರುತ್ತಿತ್ತು. ಕರೆಂಟು ಮಾತ್ರ ದಿನದಲ್ಲಿ ನಾಲ್ಕಾರು ಸಲ ಹೋಗುತ್ತಿತ್ತು. ಕರೆಂಟು ಬಂದ ಕೂಡಲೇ ಇಡೀ ಊರು ಚಾರ್ಜರಿಗಾಗಿ ಓಡುವುದನ್ನು ನೋಡಿದಾಗಲೆಲ್ಲ ನನಗೆ ಹುರುಪು ಬರುತ್ತಿತ್ತು. ಈ ಬ್ಯಾಟರಿ ಹತ್ತು ಪಟ್ಟು ಹೆಚ್ಚು ತಾಳುವಂತಾದರೆ!

ಆ ಹತ್ತು ಪಟ್ಟು ನನ್ನ ಕಲ್ಪನೆಯಲ್ಲ. ಮೊಬೈಲಿನ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದಾಗ ಲಿಥಿಯಂ ಎಂಬ ಲೋಹದ ಕಣಗಳು ಆನೋಡ್ ಎನ್ನುವ ಒಂದು ತೆಳು ಪದರದೊಳಗೆ ಹೋಗಿ ಕೂರುತ್ತವೆ. ಫೋನು ಬಳಸುವಾಗ ಹೊರಗೆ ಬರುತ್ತವೆ. ಆ ಪದರ ಸಾಮಾನ್ಯವಾಗಿ ಗ್ರಾಫೈಟಿನದು, ಅಂದರೆ ಪೆನ್ಸಿಲ್ ಕಡ್ಡಿಯ ಮಸಿ. ಅದರ ಜಾಗದಲ್ಲಿ ಸಿಲಿಕಾನ್ ಇಟ್ಟರೆ, ತೂಕಕ್ಕೆ ತೂಕ, ಸುಮಾರು ಹತ್ತು ಪಟ್ಟು ಲಿಥಿಯಂ ಹಿಡಿಯುತ್ತದೆ. ತೊಂದರೆ ಒಂದೇ. ಲಿಥಿಯಂ ಒಳಗೆ ಹೋದಾಗ ಸಿಲಿಕಾನ್ ಮೂರು ಪಟ್ಟಿಗೂ ಮೀರಿ ಉಬ್ಬುತ್ತದೆ. ಉಬ್ಬಿ, ಕುಗ್ಗಿ, ಮತ್ತೆ ಉಬ್ಬಿ, ನಾಲ್ಕು ದಿನಕ್ಕೆ ಒಡೆದು ಪುಡಿಯಾಗುತ್ತದೆ. ಸಿಲಿಕಾನಿನ ಒಳಗೇ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿದ್ದರೆ ಮಾತ್ರ ಉಬ್ಬಲು ಜಾಗ ಸಿಗುತ್ತದೆ. ಅಂಥ ತೂತುಗಳನ್ನು ಮಾಡಲು ದೊಡ್ಡ ದೊಡ್ಡ ಕಡೆ ದೊಡ್ಡ ದೊಡ್ಡ ಯಂತ್ರಗಳಿದ್ದವು. ನಮ್ಮ ಕಾಲೇಜಿನಲ್ಲಿ ಏನಿತ್ತು? ಭತ್ತದ ಗಿಡ ಮಾತ್ರ ಈ ಕೆಲಸವನ್ನು ಪುಕ್ಕಟೆ ಮಾಡಿಟ್ಟಿರುತ್ತದೆ. ಮಣ್ಣಿನಿಂದ ಸಿಲಿಕಾ ಹೀರಿ, ಅದನ್ನು ಹೊಟ್ಟಿನಲ್ಲಿ ತೂತು ತೂತಾಗಿ ಹೆಣೆದಿರುತ್ತದೆ. ಹೊಟ್ಟನ್ನು ಹದವಾಗಿ ಸುಟ್ಟರೆ ಆ ಹೆಣಿಗೆ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯಿಂದ ಸಿಲಿಕಾನ್ ಮಾಡಬೇಕು, ಇದೇ ನನ್ನ ಸಂಶೋಧನೆ.

ಹದವಾಗಿ ಸುಡುವುದೇ ಕಷ್ಟವಾಯಿತು. ಕಾಲೇಜಿನಲ್ಲಿ ಒಂದು ಹಳೆಯ ವಿದ್ಯುತ್ ಕುಲುಮೆ ಇತ್ತು. ಆರು ತಾಸು ಒಂದೇ ಸಮ ಕಾವು ಹಿಡಿಯಬೇಕಾದಲ್ಲಿ ಎರಡನೇ ತಾಸಿಗೇ ಕರೆಂಟು ಹೋಗುತ್ತಿತ್ತು. ಒಂದು ಸಲ ಫ್ಯೂಸು ಹಾರಿ ಪ್ರಿನ್ಸಿಪಾಲರ ಕೋಣೆಯ ಫ್ಯಾನೂ ನಿಂತು, ನನಗೆ ಚೆನ್ನಾಗಿ ಮಂಗಳಾರತಿಯಾಯಿತು. ಅರೆ ಸುಟ್ಟ ಕರಿ ಹೊಟ್ಟನ್ನು ನೋಡುತ್ತ ಲ್ಯಾಬಿನಲ್ಲಿ ಕೂತಿದ್ದಾಗ ನಮ್ಮ ಅಟೆಂಡರ್ ಕೊಟ್ರೇಶಣ್ಣ ಬಂದ. ಐವತ್ತು ದಾಟಿದ ಮನುಷ್ಯ, ಲ್ಯಾಬಿನ ಪ್ರತಿ ಬಾಟಲಿಯ ಜಾತಕ ಬಲ್ಲವ.

“ಹೊಟ್ಟು ಸುಡಾಕ ಕರೆಂಟ್ಯಾಕ ಬೇಕ್ರಿ ಮೇಡಂ?” ಎಂದ. “ನಮ್ಮ ಓಣ್ಯಾಗ ಹಾಲಮ್ಮನ ಮಂಡಕ್ಕಿ ಭಟ್ಟಿ ಐತಿ. ಆಕಿ ಹುಟ್ಟಿದಾಗಿಂದ ಹೊಟ್ಟು ಸುಡೋದ ಮಾಡ್ಯಾಳ.”

ಅಷ್ಟು ಹೊತ್ತು ನನಗೆ ಅದು ಹೊಳೆದಿರಲಿಲ್ಲ ಎಂದು ನಾಚಿಕೆಯಾಯಿತು. ದಿನಾ ಸಂಜೆ ಆ ಭಟ್ಟಿಯ ಮಂಡಕ್ಕಿಯನ್ನೇ ಮೆಣಸಿನಕಾಯಿ ಬಜ್ಜಿಯ ಜೊತೆ ತಿನ್ನುತ್ತಿದ್ದೆನಲ್ಲ.

ಮೃಗಶಿರಾ, ನಮ್ಮ ಕಡೆಯ ಮಾತಿನಲ್ಲಿ ಮಿರಗಾ ಮಳೆ ಶುರುವಾದ ವಾರ ಹೂವಿನಹಡಗಲಿಯ ಆಚೆ, ಹೊಳೆ ಬದಿಯ ಒಂದು ಅಕ್ಕಿ ಗಿರಣಿಗೆ ಹೋದೆ. ಒಂದೇ ತಳಿಯ ಭತ್ತದ ಹೊಟ್ಟು ಎರಡು ಚೀಲ ತುಂಬಿಸಿಕೊಂಡು ಬಸ್ಸಿನ ಮೇಲೆ ಹಾಕಿಸಿದೆ. ಪಕ್ಕದಲ್ಲಿ ಒದ್ದೆ ಬಟ್ಟೆ ಮುಚ್ಚಿದ ಮಲ್ಲಿಗೆಯ ಬುಟ್ಟಿಗಳು. ಕಂಡಕ್ಟರ್ ನನ್ನನ್ನೂ ಚೀಲಗಳನ್ನೂ ನೋಡಿ, “ಎಲ್ಲಾರೂ ಹಡಗಲಿಯಿಂದ ಮಲ್ಲಿಗಿ ಒಯ್ತಾರ, ನೀವು ಹೊಟ್ಟು ಒಯ್ಯಾಕ ಹತ್ತೀರಲ್ರಿ!” ಎಂದು ಇಡೀ ಬಸ್ಸನ್ನು ನಗಿಸಿದ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಮಳೆ ಬಂತು. ಚೀಲಗಳ ಮೇಲೆ ನನ್ನ ಕೊಡೆ ಹಿಡಿದು, ನಾನು ತೊಪ್ಪೆಯಾದೆ. ಯಾರೋ ಅಜ್ಜ “ಒಳಗೇನು ಬಂಗಾರ ಐತೇನವ್ವ?” ಎಂದು ಕೇಳಿದರು. “ಹ್ಞೂಂ ಅಜ್ಜಾ, ಅದಕ್ಕೂ ಹೆಚ್ಚಿಂದೈತಿ” ಎಂದೆ. ಆಗಿನ ನನ್ನ ಧೈರ್ಯ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಹೊಟ್ಟಿನಲ್ಲಿ ಸಹಜವಾಗಿಯೇ ಒಂದಷ್ಟು ಕ್ಷಾರ ಇರುತ್ತದೆ. ಬಿಸಿಯಲ್ಲಿ ಅದು ಕರಗಿ, ಸಿಲಿಕಾದ ಸಣ್ಣ ತೂತುಗಳನ್ನು ಬೆಸೆದು ಗಾಜಿನಂತೆ ಮಾಡಿಬಿಡುತ್ತದೆ. ಅದನ್ನು ತೆಗೆಯಲು ನಾನೂ ಕೊಟ್ರೇಶಣ್ಣನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹೊಟ್ಟನ್ನು ತೆಳು ಆಮ್ಲದಲ್ಲಿ ನೆನೆಹಾಕಿ, ಹತ್ತಾರು ಸಲ ತೊಳೆದು, ಕಾಲೇಜಿನ ಮಾಳಿಗೆಯ ಮೇಲೆ ಒಣಗಿಸಿದೆವು. ಮಳೆ ಬಂದಾಗಲೆಲ್ಲ ಇಬ್ಬರೂ ಮೆಟ್ಟಿಲು ಹತ್ತಿ ಓಡುವುದೇ ಒಂದು ಕಸರತ್ತಾಗಿತ್ತು.

ಹಾಲಮ್ಮನಿಗೆ ಆಗ ಐವತ್ತರ ಆಸುಪಾಸು. ಗಟ್ಟಿ ಮೈ, ಹಣೆ ತುಂಬ ವಿಭೂತಿ, ಕೈಯಲ್ಲಿ ಸದಾ ಬಿದಿರಿನ ಪೊರಕೆ. ಕಾದ ಮರಳಿನ ಬಾಣಲೆಗೆ ಅಕ್ಕಿ ಸುರಿದು ಆ ಪೊರಕೆಯನ್ನು ಎರಡು ಸುತ್ತು ಆಡಿಸಿದರೆ ಸಾಕು, ಅಕ್ಕಿ ಮಂಡಕ್ಕಿಯಾಗಿ ಮೇಲೇಳುತ್ತಿತ್ತು. ನಾನು ನನ್ನ ಬೇಡಿಕೆ ಹೇಳಿದೆ: ಹೊಟ್ಟು ಜೋರಾಗಿ ಉರಿಯಬಾರದು, ನಿಧಾನಕ್ಕೆ ಒಂದೇ ಕಾವಿನಲ್ಲಿ ಸುಡಬೇಕು, ಬೂದಿ ಬೆಳ್ಳಗೆ ಬರಬೇಕು.

ಅವಳು ಪೊರಕೆ ಕೆಳಗಿಟ್ಟು ಕೇಳಿದಳು. “ಅಂದ್ರ ಬೆಂಕಿ ಓಡಬಾರದು, ನಡೀಬೇಕು. ಹೌದಿಲ್ಲವ್ವ?”

ನಾನು ಎಷ್ಟೋ ಪುಟ ಓದಿ ತಿಳಿದದ್ದನ್ನು ಅವಳು ಒಂದು ಮಾತಿನಲ್ಲಿ ಮುಗಿಸಿದ್ದಳು.

ಭಟ್ಟಿಯ ಹಿತ್ತಲಿನಲ್ಲಿ ಬಳಕೆ ತಪ್ಪಿದ ಒಂದು ಹಳೆಯ ಒಲೆ ಇತ್ತು. ಅದನ್ನು ಗುಡಿಸಿ, ಸಾರಿಸಿ, ನನ್ನ ಹೊಟ್ಟನ್ನು ಗುಪ್ಪೆ ಹಾಕಿದಳು. ಪಕ್ಕದಲ್ಲಿ ಕೋಲಿನಿಂದ ಒಂದು ಗಾಳಿಕಿಂಡಿ ಮಾಡಿ, ಬುಡಕ್ಕೆ ಒಂದು ಕೆಂಡ ಇಟ್ಟಳು. ಹೊಗೆ ಎದ್ದಿತು, ಜ್ವಾಲೆ ಏಳಲಿಲ್ಲ. ಆಗಾಗ ಅಂಗೈಯನ್ನು ಗುಪ್ಪೆಯ ಹತ್ತಿರ ಹಿಡಿದು, ಕಿಂಡಿಯನ್ನು ಅರ್ಧ ಮುಚ್ಚುವಳು, ತೆರೆಯುವಳು. ಮರುದಿನ ಬೆಳಿಗ್ಗೆ ನಾನು ಓಡಿ ಹೋಗಿ ನೋಡುತ್ತೇನೆ, ಒಲೆಯಲ್ಲಿ ಬೆಳ್ಳನೆಯ ಬೂದಿ. ಮುಟ್ಟಿದರೆ ಬೆರಳಿಗೆ ತೂಕವೇ ಇಲ್ಲ. ಹೊಟ್ಟಿನ ಆಕಾರ ಹಾಗೇ ಉಳಿದಿತ್ತು, ಉಸಿರು ತಾಗಿದರೆ ಹಾರುತ್ತಿತ್ತು. ನಾನು ಅಲ್ಲೇ ಕುಣಿದಾಡಿದೆ.

“ಇಷ್ಟು ಬೂದಿಗೆ ಇಷ್ಟು ಸಂತೋಷೇನವ್ವ? ಪಾತ್ರಿ ತಿಕ್ಕಾಕ ಓಣಿಗೆಲ್ಲಾ ನಾನ ಕೊಡ್ತೀನಿ” ಎಂದು ನಕ್ಕಳು. ನಾನು ಕೂತು ಬ್ಯಾಟರಿಯ ಕಥೆ ಹೇಳಿದೆ. ಸಿಲಿಕಾನ್ ಉಬ್ಬುತ್ತದೆ, ಉಬ್ಬಿ ಒಡೆಯುತ್ತದೆ, ಅದಕ್ಕೇ ಒಳಗೆ ತೂತು ಬೇಕು ಎಂದೆ.

“ಅಷ್ಟ ಅಲ್ಲ?” ಎಂದಳು ಹಾಲಮ್ಮ. “ಬಾಣಲಿ ತುಂಬ ಅಕ್ಕಿ ಸುರುವಿದ್ರ ಮಂಡಕ್ಕಿ ಹೆಂಗ ಆಗ್ತೈತಿ? ಅರಳಾಕ ಜಾಗ ಬಿಡಬೇಕಲ್ಲ. ನನ್ನ ಸೊಸಿಗೆ ಹೇಳಿ ಹೇಳಿ ಸಾಕಾಗೇತಿ.”

ಆ ವಾರವೇ ಬೂದಿಯ ಡಬ್ಬಿ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿ ಬೂದಿಗೆ ಮೆಗ್ನೀಸಿಯಂ ಪುಡಿ ಬೆರೆಸಿ, ಗಾಳಿ ಇಲ್ಲದ ನಳಿಗೆಯಲ್ಲಿ ಕಾಯಿಸಿ ಸಿಲಿಕಾನ್ ಮಾಡಿದೆ. ಕಂದು ಬಣ್ಣದ ಪುಡಿ. ಅದನ್ನು ಮಸಿ ಮತ್ತು ಅಂಟಿನ ಜೊತೆ ಕಲಸಿ, ತಾಮ್ರದ ಹಾಳೆಗೆ ಸವರಿ, ಕೈಗಡಿಯಾರದ ಸೆಲ್ಲಿನಷ್ಟು ಪುಟ್ಟ ಸೆಲ್ ಕಟ್ಟಿ ಯಂತ್ರಕ್ಕೆ ಹಾಕಿದೆ. ಯಂತ್ರ ಅದನ್ನು ಚಾರ್ಜು ಮಾಡುವುದು, ಖಾಲಿ ಮಾಡುವುದು, ಮತ್ತೆ ಚಾರ್ಜು ಮಾಡುವುದು. ನಾಲ್ಕು ದಿನಕ್ಕೆ ಸಾಯಬೇಕಾದ ಸೆಲ್ ವಾರ ಕಳೆದರೂ ಸಾಯಲಿಲ್ಲ, ಎರಡು ವಾರ ಕಳೆದರೂ ಸಾಯಲಿಲ್ಲ. ಪರದೆಯ ಮೇಲಿನ ಗೆರೆ ಹೊಲದ ಬದುವಿನಂತೆ ಸಮನಾಗಿ ಹೋಗುತ್ತಿತ್ತು. ನನ್ನ ಗೈಡ್ ಮಿತಭಾಷಿ. ಅವರೇ ಎರಡು ಸಲ “ಭಲೇ” ಎಂದರು. ಸೂಕ್ಷ್ಮದರ್ಶಕದಲ್ಲಿ ತೆಗೆದ ಬೂದಿಯ ಚಿತ್ರದ ಒಂದು ದೊಡ್ಡ ಪ್ರತಿಯನ್ನೂ ಕೊಟ್ಟರು.

ಆ ಚಿತ್ರ ಹಿಡಿದು ಬಸ್ಸಿಳಿದವಳೇ ನೇರ ಭಟ್ಟಿಗೆ ಹೋದೆ. “ಯಕ್ಕಾ, ನೋಡು, ಇದು ನಿನ್ನ ಬೂದಿ! ಲಕ್ಷ ಪಟ್ಟು ದೊಡ್ಡದು ಮಾಡಿ ತೆಗದಾರ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. “ಜೇನುಗೂಡು ಇದ್ದಂಗೈತಲ್ಲವ್ವ!” ಹತ್ತು ನಿಮಿಷದಲ್ಲಿ ಓಣಿಯ ಹೆಂಗಸರೆಲ್ಲ ಕೂಡಿದರು. ಹಾಲಮ್ಮನ ಬೂದಿ ಮೊಬೈಲಿನೊಳಗೆ ಹೋಗುತ್ತದಂತೆ, ಪ್ರಪಂಚದಲ್ಲೇ ಇಂಥ ಬೂದಿ ಇಲ್ಲವಂತೆ. ಮಾತಿಗೆ ಮಾತು ಬೆಳೆಯಿತು. ಒಬ್ಬಳಂತೂ ಒಲೆಯನ್ನೇ ಬಗ್ಗಿ ನೋಡಿ, “ನಮ್ಮ ಒಲ್ಯಾಗೂ ಹೊಟ್ಟ ಉರೀತೈತಿ, ನಮಗಿಲ್ಲದ್ದು ಈಕಿಗೇನೈತಿ?” ಎಂದಳು. ನಾನು ಹಿಗ್ಗಿನಲ್ಲಿದ್ದೆ. ಹಾಲಮ್ಮ ಇದ್ದಕ್ಕಿದ್ದಂತೆ ಗಂಭೀರಳಾಗಿ ಚಿತ್ರವನ್ನು ಮಡಚಿ ಒಳಗಿಟ್ಟದ್ದನ್ನು ನೋಡಿದೆ, ಅಷ್ಟೇ. ಅದರ ಅರ್ಥ ಕೇಳಲಿಲ್ಲ.

ಎರಡನೆಯ ಬ್ಯಾಚು ಕೆಟ್ಟಿತು.

ಬೂದಿ ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಕರಿ ಚುಕ್ಕೆ, ಬೆರಳಲ್ಲಿ ಉಜ್ಜಿದರೆ ಮರಳಿನಂತೆ ಕರಕರ. ಸೆಲ್ ಮೂರು ದಿನಕ್ಕೆ ಮಲಗಿತು. ಇರಲಿ, ಒಂದು ಸಲ ಆಗುತ್ತದೆ ಎಂದುಕೊಂಡೆ. ಮೂರನೆಯದು ಇನ್ನೂ ಕೆಟ್ಟದಾಗಿತ್ತು. ನಾಲ್ಕನೆಯದರಲ್ಲಿ ಗಾಜಿನ ಹರಳಿನಂಥ ಗಂಟುಗಳೇ ಸಿಕ್ಕವು. ಶ್ರಾವಣ ಹೋಯಿತು, ಗಣಪತಿ ಬಂದು ನೀರಿಗೂ ಹೋದ. ಪ್ರತಿ ಸಲವೂ ಅದೇ ಹೊಟ್ಟು, ಅದೇ ಆಮ್ಲ, ಅದೇ ಒಲೆ, ಅದೇ ಹಾಲಮ್ಮ. ನನಗೆ ತಲೆ ಕೆಟ್ಟು ಹೋಯಿತು.

ಗೈಡ್ ನನ್ನನ್ನು ಕೂರಿಸಿಕೊಂಡು ಕಾಗದಗಳನ್ನು ತಿರುವಿದರು. “ಬೂದಿ ಹರಳುಗಟ್ಟಿದೆ. ಕಾವು ಮೀರಿದೆ ಅಂತ ಕಾಣುತ್ತೆ” ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: “ನೋಡಮ್ಮಾ, ಬೇಜಾರು ಮಾಡ್ಕೋಬೇಡ. ಮೊದಲನೇ ಬ್ಯಾಚಿಗೆ ನೀನು ಕಂಪನಿಯ ಶುದ್ಧ ಸಿಲಿಕಾ ಏನಾದರೂ ಬೆರೆಸಿದ್ದೆಯಾ?”

ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವರು ಮೆತ್ತಗೆ ಕೇಳಿದ್ದರು, ಅದೇ ಹೆಚ್ಚು ಚುಚ್ಚಿತು. “ಇಲ್ಲ ಸರ್” ಎಂದಷ್ಟೇ ಹೇಳಿದೆ. “ಹಾಗಿದ್ದರೆ ದೀಪಾವಳಿ ರಜೆ ಮುಗಿಯೋದರೊಳಗೆ ಮೂರು ಬ್ಯಾಚು ತಂದುಕೊಡು. ಮೂರೂ ಒಂದೇ ತರಹ ಬರಬೇಕು. ಬಾರದಿದ್ದರೆ ಆ ಮೊದಲನೆಯದನ್ನು ಪ್ರಬಂಧದಲ್ಲಿ ಸೇರಿಸೋಕೆ ನಾನು ಸಹಿ ಹಾಕೋಲ್ಲ” ಎಂದರು. ಅಂದರೆ ಪಿಎಚ್‌.ಡಿ. ಹೋಯಿತು ಎಂದೇ ಅರ್ಥ. ಅದಕ್ಕಿಂತ ಹೆಚ್ಚಾಗಿ, ನಾನು ಸುಳ್ಳಿ ಎಂದಾಯಿತು.

ಬಸ್ಸಿನಲ್ಲಿ ಬರುವಾಗ ಸಿಟ್ಟು ಯಾರ ಮೇಲಾದರೂ ಇಳಿಯಬೇಕಿತ್ತು. ಮೊದಲು ಇಳಿದದ್ದು ಹಾಲಮ್ಮನ ಮೇಲೆ.

“ಯಕ್ಕಾ, ನೀನು ಬೆಂಕಿ ಜೋರು ಮಾಡ್ತಿದ್ದೀಯ. ನಾನು ಹೋದ ಮೇಲೆ ಕಿಂಡಿ ಹಾಗೇ ಬಿಟ್ಟು ಮಂಡಕ್ಕಿ ಕಡೆ ಹೋಗ್ತೀಯ ಅಲ್ವಾ?”

ಅವಳು ಪೊರಕೆ ಆಡಿಸುವುದನ್ನು ನಿಲ್ಲಿಸಲಿಲ್ಲ. ಬಾಣಲೆಯ ಮಂಡಕ್ಕಿಯನ್ನು ಪೂರಾ ಜರಡಿಗೆ ಎತ್ತಿಹಾಕಿದ ಮೇಲೆಯೇ ಮಾತಾಡಿದಳು. “ನನ್ನ ಬೆಂಕಿ ಓಡಿಲ್ರಿ. ಮದಿವಿ ಆಗಿ ಬಂದಾಗಿಂದ ಈ ಕೈಯಾಗ ಬೆಂಕಿ ಓಡಿಲ್ಲ. ಬೇರೆ ಏನರ ಹೇಳ್ರಿ, ಅದೊಂದು ಹೇಳಬ್ಯಾಡ್ರಿ.” ಅಷ್ಟು ದಿನ ‘ಯವ್ವಾ’ ಎಂದು ಕರೆಯುತ್ತಿದ್ದವಳು ಅಂದು ನನ್ನನ್ನು ‘ರಿ’ ಹಚ್ಚಿ ಮಾತಾಡಿಸಿದಳು. ನನಗೆ ಅದು ಕೆನ್ನೆಗೆ ಹೊಡೆದಂತಾಯಿತು. ಆದರೂ ಕ್ಷಮೆ ಕೇಳಲಿಲ್ಲ, ನನ್ನ ಸೊಕ್ಕು ಅಂಥದ್ದು.

ಸುಳಿವು ಸಿಕ್ಕದ್ದು ಕಾಲೇಜಿನ ಪ್ರಾಕ್ಟಿಕಲ್ ತರಗತಿಯಲ್ಲಿ. ಮೊದಲ ವರ್ಷದ ಮಕ್ಕಳು ಜ್ವಾಲೆಯ ಪರೀಕ್ಷೆ ಮಾಡುತ್ತಿದ್ದರು. ತಂತಿಯ ತುದಿಗೆ ಲವಣ ಹಚ್ಚಿ ಬರ್ನರಿಗೆ ಹಿಡಿದರೆ ಒಂದೊಂದು ಲೋಹಕ್ಕೆ ಒಂದೊಂದು ಬಣ್ಣ. ಹಸಿರು, ಕೆಂಪು, ನೇರಳೆ. ಕೈ ಸುಮ್ಮನಿರಲಾರದೆ ನನ್ನ ಒಳ್ಳೆಯ ಬೂದಿಯನ್ನೂ ಕೆಟ್ಟ ಬೂದಿಯನ್ನೂ ತಂದು ಹಿಡಿದೆ. ಮೊದಲ ಬ್ಯಾಚಿನ ಬೂದಿಗೆ ಒಂದು ಕ್ಷಣ ಹಳದಿ ಮಿಂಚಿ ಹೋಯಿತು. ಅದು ಲೆಕ್ಕಕ್ಕಿಲ್ಲ, ಬೆರಳಿನ ಬೆವರು ತಾಗಿದರೂ ಅಷ್ಟು ಬರುತ್ತದೆ. ನಾಲ್ಕನೆಯ ಬ್ಯಾಚಿಗೆ ಮಾತ್ರ ಜ್ವಾಲೆ ಚಿನ್ನದ ಹಳದಿಯಾಗಿ ಎದ್ದು ನಿಂತಿತು, ಇಳಿಯಲೇ ಇಲ್ಲ. ಸೋಡಿಯಂ! ಹಿಂದೆ ನಿಂತಿದ್ದ ಕೊಟ್ರೇಶಣ್ಣ, “ಉಪ್ಪು ಮೇಡಂ ಅದು, ನಮ್ಮ ಅಡಿಗಿ ಉಪ್ಪು” ಎಂದ. ಅಷ್ಟು ವರ್ಷ ಲ್ಯಾಬಿನಲ್ಲಿದ್ದವನಿಗೆ ಆ ಹಳದಿ ಹೇಳಿಕೊಡಬೇಕೇ?

ನಾನು ಅವನತ್ತಲೇ ತಿರುಗಿದೆ. “ಹೊಟ್ಟು ತೊಳೆಯೋಕೆ ಬೋರಿನ ಉಪ್ಪು ನೀರು ಹಾಕಿದೆಯಾ?” ಮಕ್ಕಳ ಮುಂದೆಯೇ ಕೇಳಿಬಿಟ್ಟೆ. ಅವನು ಹೋಗಿ ಬಟ್ಟಿ ಇಳಿಸಿದ ನೀರಿನ ಖಾಲಿ ಕ್ಯಾನುಗಳನ್ನು ಒಂದೊಂದಾಗಿ ತಂದು ನನ್ನ ಮೇಜಿನ ಮುಂದೆ ಸಾಲಾಗಿ ಇಟ್ಟ. ಪ್ರತಿ ಕ್ಯಾನಿನ ಮೇಲೂ ಅವನ ಕೈಬರಹದಲ್ಲಿ ‘ಮೇಡಂ ಹೊಟ್ಟು’ ಎಂದು ಬರೆದಿತ್ತು. ಆಮೇಲೆ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟ. ಒಂದೇ ತಿಂಗಳಲ್ಲಿ ಇಬ್ಬರನ್ನೂ ನೋಯಿಸಿದ್ದೆ, ಉತ್ತರ ಮಾತ್ರ ಸಿಕ್ಕಿರಲಿಲ್ಲ.

ಆದರೂ ಒಳಗೊಳಗೇ ಉತ್ಸಾಹ ಕುದಿಯುತ್ತಿತ್ತು. ಕಳ್ಳನ ಹೆಸರು ಗೊತ್ತಾಗಿತ್ತು, ದಾರಿ ಗೊತ್ತಾಗಬೇಕಿತ್ತು. ನಾನು ಆಮ್ಲದಲ್ಲಿ ತೊಳೆದು ತೊಳೆದು ಹೊರಗೆ ಹಾಕಿದ ಕ್ಷಾರವನ್ನು ಯಾರೋ ಮತ್ತೆ ಒಳಗೆ ಕರೆತರುತ್ತಿದ್ದರು. ಮಂಡಕ್ಕಿ ಹುರಿಯುವ ಮುನ್ನ ಅಕ್ಕಿಗೆ ಹಚ್ಚುವ ಉಪ್ಪು ನೀರೇ? ಅದು ಭಟ್ಟಿಯ ಮುಂಬಾಗಿಲ ಹತ್ತಿರ, ನನ್ನ ಒಲೆ ಹಿತ್ತಲಲ್ಲಿ. ಮಹಾನವಮಿಯ ರಜೆಯಲ್ಲಿ ಐದನೆಯ ಬ್ಯಾಚು ಹಚ್ಚಿಸಿ ದಿನವಿಡೀ ಒಲೆಯ ಎದುರು ಕೂತೆ. ಹಾಲಮ್ಮ ಕಿಂಡಿ ಮುಚ್ಚಿದಳು, ತೆರೆದಳು, ಒಂದು ಮಾತೂ ಆಡಲಿಲ್ಲ. ಎಲ್ಲಿಯೂ ಉಪ್ಪಿನ ಸುಳಿವಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದು ಹೊರಟೆ. ಓಣಿಯ ತುದಿ ಮುಟ್ಟಿದಾಗ ಕೊಡೆ ಮರೆತದ್ದು ನೆನಪಾಗಿ ತಿರುಗಿ ಬಂದೆ.

ಹಿತ್ತಲ ಬಾಗಿಲಲ್ಲಿ ಕಾಲು ನಿಂತಿತು. ಹಾಲಮ್ಮ ಮುಖ ತೊಳೆದು, ಹೊಸದಾಗಿ ವಿಭೂತಿ ಧರಿಸಿ ನನ್ನ ಗುಪ್ಪೆಯ ಮುಂದೆ ನಿಂತಿದ್ದಳು. ಬಲಗೈ ಮುಷ್ಟಿಯನ್ನು ಗುಪ್ಪೆಯ ಸುತ್ತ ನಿವಾಳಿಸುತ್ತ ಗುನುಗುತ್ತಿದ್ದಳು: “ಕಂಡವರ ಕಣ್ಣು, ನೋಡಿದವರ ಕಣ್ಣು, ಓಣಿಯವರ ಕಣ್ಣು, ನನ್ನ ಕಣ್ಣೂ ಸೇರಿ ಸುಟ್ಟು ಹೋಗಲಿ. ನಮ್ಮ ಮೇಡಂ ಬೂದಿಗೆ ಬಿದ್ದ ದೃಷ್ಟಿ ಸುಟ್ಟು ಹೋಗಲಿ.” ಮೂರು ಸುತ್ತು ಮುಗಿಸಿ ಮುಷ್ಟಿ ಬಿಚ್ಚಿದಳು. ಹಿಡಿ ತುಂಬ ಹರಳುಪ್ಪು, ಮೂರು ಒಣಮೆಣಸಿನಕಾಯಿ. ಮೆಣಸಿನಕಾಯಿಯನ್ನು ಪಕ್ಕದ ಕೆಂಡಕ್ಕೆ ಎಸೆದಳು. ಉಪ್ಪನ್ನು ಗುಪ್ಪೆಯ ನೆತ್ತಿ ಬಗೆದು ಒಳಗೆ ಸುರಿದಳು. ಚಟಪಟ ಎಂದು ಸಿಡಿಯಿತು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲವೂ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಆ ಚಿತ್ರ ತೋರಿಸಿ ನಾನು ಕೂಗಾಡಿದ ದಿನದಿಂದಲೇ ಇದು ಶುರುವಾಗಿತ್ತು. ಬೂದಿ ಕೆಟ್ಟಿತು ಎಂದು ನಾನು ಮುಖ ಸಣ್ಣದು ಮಾಡಿದಷ್ಟೂ, ದೃಷ್ಟಿ ಜೋರಾಗಿದೆ ಎಂದು ಅವಳು ಉಪ್ಪು ಹೆಚ್ಚಿಸುತ್ತ ಬಂದಿದ್ದಳು. ನಾನು ಅವಳನ್ನು ಬೈದ ಮೇಲೂ ಬಿಟ್ಟಿರಲಿಲ್ಲ, ಒಂದು ಚಿಟಿಕೆ ಹೋಗಿ ಹಿಡಿಯಾಗಿತ್ತು.

“ಯಕ್ಕಾ” ಎಂದೆ. ಬೆಚ್ಚಿ ತಿರುಗಿದಳು.

ಹೇಗೆ ಹೇಳುವುದು? ದೃಷ್ಟಿಗೀಷ್ಟಿ ಎಲ್ಲ ಮೂಢನಂಬಿಕೆ ಎಂದು ತರಗತಿಯಲ್ಲಿ ಹೇಳುವ ಬಾಯಿ ಆಗ ಏಳಲಿಲ್ಲ. ಒಲೆಯ ಕಟ್ಟೆಯ ಮೇಲೆ ಅವಳ ಪಕ್ಕ ಕೂತು, ಮೆಲ್ಲಗೆ, ಉಪ್ಪು ಬಿಸಿಯಲ್ಲಿ ಕರಗಿ ಜೇನುಗೂಡಿನ ತೂತುಗಳನ್ನು ಮುಚ್ಚಿಬಿಡುತ್ತದೆ ಎಂದು ಹೇಳಿದೆ. ಅವಳ ಮುಖ ಬಣ್ಣಗೆಟ್ಟಿತು.

“ಅಯ್ಯ ನನ್ನವ್ವ! ಕಾಯಾಕ ಹೋಗಿ ನಾನ ಕೆಡಿಸಿದ್ನಾ?”

“ಇಲ್ಲ ಯಕ್ಕಾ, ಕೆಡಿಸಿದ್ದು ನನ್ನ ಬಾಯಿ. ನಿನ್ನ ಬೆಂಕಿ ಓಡಿಲ್ಲ. ನಾನು ಅಂದದ್ದು ತಪ್ಪಾಯ್ತು.” ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಸಹಿ, ದೀಪಾವಳಿಯ ಗಡುವು, ಗೈಡ್ ಕೇಳಿದ ಪ್ರಶ್ನೆ, ಎಲ್ಲ ಹೇಳಿಬಿಟ್ಟೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. “ನಿನ್ನ ಸುಳ್ಳಿ ಅಂದ್ರಾ? ಏಳವ್ವ ಮ್ಯಾಲೆ. ಅಳಾಕ ಯಾಳೆ ಎಲ್ಲೈತಿ? ಒಲಿ ಕಿತ್ತು ಹೊಸದು ಹಾಕೂಣು. ಇದರ ಮೈಯೆಲ್ಲ ಉಪ್ಪ ಕುಡದೈತಿ.” ಒಲೆಯೂ ಉಪ್ಪು ಕುಡಿದಿರುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಮರುದಿನ ಕೊಟ್ರೇಶಣ್ಣನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವನು ಸೊಟ್ಟ ಮುಖ ಮಾಡಿ, “ಹೋಗ್ಲಿ ಬಿಡ್ರಿ. ಮಣ್ಣು ಯಾವುದು ತರಬೇಕು ಹೇಳ್ರಿ” ಎಂದ. ಮೂವರೂ ಕೂಡಿ ಹಳೆಯ ಒಲೆ ಕಿತ್ತೆವು. ಗುಡೇಕೋಟೆ ಕಡೆಯಿಂದ ಅವನ ನೆಂಟರು ತಂದುಕೊಟ್ಟ ಕೆಮ್ಮಣ್ಣಿನಲ್ಲಿ ಹೊಸ ಒಲೆ ಹಾಕಿದೆವು. ಮಣ್ಣನ್ನೂ ಜ್ವಾಲೆಗೆ ಹಿಡಿದು ಪರೀಕ್ಷೆ ಮಾಡಿದ್ದು ಕೊಟ್ರೇಶಣ್ಣನೇ. ಮಣ್ಣು ಒಣಗುವ ತನಕ ಮೂವರೂ ಆಕಾಶ ನೋಡುವುದೇ ಕೆಲಸ. ಹಿಂಗಾರಿನ ಮೋಡಗಳು ಬಂದು ಬಂದು ಹೆದರಿಸಿ ಹೋದವು.

ಆದರೆ ಹಾಲಮ್ಮನಿಗೆ ಒಂದು ಚಿಂತೆ ಉಳಿದಿತ್ತು. “ಹಂಗ ಬರೇ ಬಿಟ್ರ ದೃಷ್ಟಿ ಸುಮ್ನಿರ್ತೈತಾ?” ನಾನು ಏನೋ ಹೇಳಲು ಹೋದೆ. ಅವಳೇ ದಾರಿ ಹುಡುಕಿದಳು. “ಬೂದಿಗೆ ಬ್ಯಾಡ. ನಿನಗ ತಗೀತೀನಿ. ಬೂದಿ ನಿಂದ ಅಲ್ಲ? ಉಪ್ಪು ಮುಂದಿನ ಭಟ್ಟಿ ಒಲಿಗೆ ಹಾಕ್ತೀನಿ.” ಹೊಸ ಒಲೆ ಹಚ್ಚುವ ಮುನ್ನ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ ನಿವಾಳಿಸಿದಳು. ರಸಾಯನಶಾಸ್ತ್ರದ ಉಪನ್ಯಾಸಕಿ ಕೈ ಕಟ್ಟಿ, ತಲೆ ತಗ್ಗಿಸಿ ನಿಂತಿದ್ದೆ. ಕೊಟ್ರೇಶಣ್ಣ ಗೋಡೆಗೆ ಮುಖ ಮಾಡಿ ನಗುತ್ತಿದ್ದ. ಮುಷ್ಟಿ ಬಿಚ್ಚದೆ, ಒಂದು ಹರಳೂ ಬೀಳದಂತೆ, ಅವಳು ಮುಂದಿನ ಭಟ್ಟಿಯ ತನಕ ನಡೆದು ಹೋದದ್ದು ಈಗಲೂ ಕಣ್ಣ ಮುಂದಿದೆ.

ಮೊದಲ ಬ್ಯಾಚು ಬೆಳ್ಳಗೆ ಬಂತು. ಎರಡನೆಯದೂ ಬಂತು. ಮೂರನೆಯದನ್ನು ನರಕ ಚತುರ್ದಶಿಯ ಬೆಳಿಗ್ಗೆ, ತಲೆಗೆ ಎಣ್ಣೆ ಹಚ್ಚಿಕೊಂಡವಳೇ ಹೋಗಿ ನೋಡಿದೆ. ಉಸಿರಿಗೆ ಹಾರುವಂಥ ಬೂದಿ! ಮೂರು ಡಬ್ಬಿಗಳನ್ನೂ ಗೈಡ್ ಮುಂದೆ ಸಾಲಾಗಿ ಇಟ್ಟೆ. ಮೂರು ಸೆಲ್ಲುಗಳು ಯಂತ್ರಕ್ಕೆ ಹೋದವು. ಮೂರು ಗೆರೆಗಳು ಪರದೆಯ ಮೇಲೆ ಒಂದರ ಮೇಲೊಂದು ಬಿದ್ದು, ಮೊದಲಿನ ಬ್ಯಾಚಿನ ಗೆರೆಯ ಜೊತೆ ಸೇರಿ ಒಂದೇ ದಪ್ಪ ಗೆರೆಯಾದವು. ಸಂಕ್ರಾಂತಿಯ ತನಕವೂ ನಡೆದವು. ಆಗ ಗೈಡ್ ಎದ್ದು ನಿಂತು, “ಅವತ್ತು ನಾನು ಕೇಳಬಾರದಾಗಿತ್ತಮ್ಮಾ” ಎಂದರು. ಸಹಿ ಹಾಕುವ ಮೊದಲು ಉಪ್ಪಿನ ಕಥೆಯನ್ನು ಪೂರಾ ಹೇಳಿಸಿಕೊಂಡು, ಮೇಜು ಗುದ್ದಿ ನಕ್ಕರು. “ಇದನ್ನೂ ಬರಿ. ಮುಂದೆ ಮಾಡೋರಿಗೆ ಗೊತ್ತಾಗಬೇಕು” ಎಂದರು.

ಒಂದು ಸೆಲ್ಲನ್ನು ಕೇಳಿ ಪಡೆದು ಕೊಟ್ಟೂರಿಗೆ ತಂದೆ. ಎಳ್ಳು ಬೆಲ್ಲದ ಪೊಟ್ಟಣದ ಜೊತೆ ಭಟ್ಟಿಗೆ ಹೋಗಿ, ಹೊಗೆ ಹಿಡಿದ ಆ ಅರೆಗತ್ತಲ ಕೋಣೆಯಲ್ಲಿ ಸೆಲ್ಲಿಗೆ ಒಂದು ಸಣ್ಣ ಕೆಂಪು ದೀಪ ಜೋಡಿಸಿದೆ. ಜೋಳದ ಕಾಳಿನಷ್ಟು ದೀಪ ಹತ್ತಿತು. ಹಾಲಮ್ಮ ಬಹಳ ಹೊತ್ತು ನೋಡಿದಳು. “ಬೂದ್ಯಾಗ ಬೆಂಕಿ ಉಳದೈತಿ ನೋಡು” ಎಂದಳು. ಆಮೇಲೆ ತಟ್ಟನೆ ಅದರ ಮೇಲೆ ಬೊಗಸೆ ಮುಚ್ಚಿದಳು. “ಸಾಕು, ಯಾರರ ನೋಡ್ಯಾರು!” ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅದರ ಮುಂದಿನ ವರ್ಷ ನನಗೆ ಬೇರೆ ಊರಿಗೆ ಕೆಲಸ ಸಿಕ್ಕಿತು. ಹೋಗಿ ಬರುತ್ತೇನೆ ಎಂದವಳು ಹೋದೆ, ಬರಲಿಲ್ಲ. ಆ ಅಪರಾಧ ನನ್ನದೇ.

ಹೋದ ವರ್ಷ ಬಸ್ಸಿಳಿದು ನೇರ ಆ ಓಣಿಗೆ ನಡೆದೆ. ಭಟ್ಟಿ ಇತ್ತು. ಬಾಣಲೆಯ ಮುಂದೆ ಸೊಸೆ ಕೂತಿದ್ದಳು, ಅವಳಿಗೂ ಈಗ ತಲೆ ನರೆತಿದೆ. ನನ್ನ ಗುರುತು ಹತ್ತಲಿಲ್ಲ. ಅತ್ತೆ ಓಣಿಯಲ್ಲಿ ಎಲ್ಲೋ ಹೋಗಿದ್ದಾಳೆ, ಬರುತ್ತಾಳೆ, ಕೂಡ್ರಿ ಎಂದಳು. ಮಂಡಕ್ಕಿ ಕೊಟ್ಟಳು. ತಿನ್ನುತ್ತ ಹಿತ್ತಲಿಗೆ ಕಣ್ಣು ಹಾಯಿಸಿದೆ. ನಾವು ಮೂವರು ಹಾಕಿದ ಆ ಕೆಮ್ಮಣ್ಣಿನ ಒಲೆ ಅಲ್ಲೇ ಇತ್ತು. ಮೊನ್ನೆಯಷ್ಟೇ ಸಾರಿಸಿದಂತಿತ್ತು, ಒಳಗೆ ಒಂದು ಕಸ ಇರಲಿಲ್ಲ.

“ಈ ಒಲೆ ಯಾಕೆ ಖಾಲಿ ಇದೆ?” ಎಂದು ಕೇಳಿದೆ.

“ಅಯ್ಯ, ಅದರ ಸುದ್ದಿ ಕೇಳಬ್ಯಾಡ್ರಿ” ಎಂದಳು ಸೊಸೆ. “ನಮ್ಮತ್ತಿ ಅದಕ್ಕ ಯಾರನ್ನೂ ಕೈ ಹಚ್ಚಗೊಡಂಗಿಲ್ಲ. ಎಂಟು ದಿನಕ್ಕೊಮ್ಮಿ ತಾನ ಸಾರಸ್ತಾಳ. ಉಪ್ಪಿನ ಚೀಲನೂ ಆ ಕಡಿಗೆ ಇಡಂಗಿಲ್ಲ. ಯಾಕ ಅಂದ್ರ, ಮೇಡಂ ಹೊಟ್ಟು ತಗೊಂಡು ಬಂದ್ರ ಬೂದಿ ಕೆಡ್ತೈತಿ ಅಂತಾಳ. ಆ ಮೇಡಂ ಎಂದೋ ಊರು ಬಿಟ್ಟು ಹೋದ್ರು. ನಾವಂತೂ ಆಮ್ಯಾಲೆ ಇಷ್ಟು ವರ್ಷದಾಗ ಅವರು ಬಂದಿದ್ದು ಕಂಡಿಲ್ಲ.”

ಕೈಯಲ್ಲಿದ್ದ ಮಂಡಕ್ಕಿಯನ್ನು ಕೆಳಗಿಟ್ಟೆ. ಮುಂಬಾಗಿಲಲ್ಲಿ ಕೋಲಿನ ಸದ್ದಾಯಿತು. ಹಾಲಮ್ಮ ಬಂದಳು, ಬಗ್ಗಿದ್ದಾಳೆ, ಕಣ್ಣು ಮಂಜಾಗಿದೆ. ನನ್ನ ಮುಖದ ಹತ್ತಿರ ಮುಖ ತಂದು ನೋಡಿದಳು. ಆಮೇಲೆ ನನ್ನ ಎರಡೂ ಕೈಗಳನ್ನು ತಡವಿ, ಖಾಲಿ ಇರುವುದನ್ನು ಕಂಡು ಕೇಳಿದಳು:

“ಹೊಟ್ಟು ಎಲ್ಲವ್ವ?”